ಅಕ್ಕನ ಹಾಗೆಯೇ

ಶಹೀಮಾ ತುರಿಮಣೆಯ ಮೇಲೆ ಕೂತು ಇನ್ನೂ ಅರ್ಧ ಹೋಳು ತುರಿದಿದ್ದಳಷ್ಟೆ, ಒಳಗೆ ಫೋನು ಬಡಿದುಕೊಳ್ಳತೊಡಗಿತು. ಒಣಮೀನಿನ ಚೂರು, ಈರುಳ್ಳಿ, ಹಸಿಮೆಣಸು ಹೆಚ್ಚಿಟ್ಟಾಗಿತ್ತು. ಕಾಯಿತುರಿ ಬೆರೆಸಿ, ನಿಂಬೆ ಹಿಂಡಿ ಕಿವುಚಿದರೆ ಬೆಳಗಿನ ತಿಂಡಿಯ ಕೆಲಸ ಮುಗಿದ ಹಾಗೆ. ಕಾವಲಿಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕೈ ನೋಡಿದರೆ ಮೊಣಕೈವರೆಗೂ ಕಾಯಿಹಾಲು.

"ಇನಾಶಾ, ಯಾರು ನೋಡು ಕಂದಾ."

ಹೊಸಿಲ ಮೇಲೆ ಕೂತಿದ್ದ ಚಿಕ್ಕ ಮಗಳು ನಿಧಾನವಾಗಿ ಎದ್ದಳು. ಅವಳು ಏಳುವುದೇ ನಿಧಾನ. ಹನ್ನೊಂದು ವರ್ಷದ ಹುಡುಗಿಗೆ ಎಂಟರ ಮೈಕಟ್ಟು, ಗುಲ್ಮ ಊದಿದ ಹೊಟ್ಟೆ ಮಾತ್ರ ಅಂಗಿಯನ್ನು ಮುಂದಕ್ಕೆ ತಳ್ಳುತ್ತಿತ್ತು. ಫೋನಿನ ಮೇಲಿದ್ದ ಹೆಸರು ಓದಿದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಲೋಟ ತರುವವಳಂತೆ ತಂದು ತಾಯಿಯ ಎದುರು ನಿಂತಳು.

"ಮಾಲೆಯ ಡಾಕ್ಟ್ರು."

ಶಹೀಮಾ ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಗೆ ಕೈ ಒರೆಸಿಕೊಂಡು ಎದ್ದಳು. "ಇಲ್ಲಿ ಸರಿಯಾಗಿ ಕೇಳ್ಸಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿ, ಬಾವಿ ದಾಟಿ ದೀವಿಹಲಸಿನ ಮರದ ಆಚೆಗೆ ಹೋದಳು.

"ವರದಿ ಬಂತು ಶಹೀಮಾ" ಎಂದರು ರಾಜಧಾನಿ ಮಾಲೆಯ ಆಸ್ಪತ್ರೆಯಿಂದ ಡಾಕ್ಟರ್ ನಝ್ಲಾ. ವಯಸ್ಸಿನಲ್ಲಿ ಚಿಕ್ಕವರು ಈ ಡಾಕ್ಟರು, ಸುದ್ದಿ ಸುತ್ತಿಬಳಸಿ ಹೇಳುವುದು ಇನ್ನೂ ಕಲಿತಿರಲಿಲ್ಲ. "ರಕ್ತದ ಮಟ್ಟ ಏರಿಲ್ಲ. ಒಂದಿಷ್ಟೂ ಅಲುಗಾಡಿಲ್ಲ. ಔಷಧಿ ನಿಲ್ಲಿಸಿಬಿಡೋಣ."

"ಇನ್ನೊಂದು ತಿಂಗಳು ನೋಡಿದ್ರೆ?"

"ನೋಡಾಯ್ತಲ್ಲಮ್ಮ."

"ಸ್ವಲ್ಪ ಜಾಸ್ತಿ ಕೊಟ್ರೆ?"

"ಅದನ್ನೂ ಮಾಡಿ ನೋಡಾಯ್ತು. ಈಗ ಬಿಳಿ ರಕ್ತಕಣ ಇಳೀತಾ ಇವೆ. ಮುಂದುವರಿಸಿದ್ರೆ ಅಪಾಯ." ಆ ಕಡೆ ಯಾವುದೋ ಬಾಗಿಲು ಹಾಕಿದ ಸದ್ದು. "ಹೃದಯದ ಸ್ಕ್ಯಾನೂ ಬಂದಿದೆ. ಅದನ್ನ ನೀವಿಬ್ಬರೂ ಬಂದಾಗ ಕೂತು ಮಾತಾಡೋಣ."

ಡಾಕ್ಟರು ಕೂತು ಮಾತಾಡೋಣ ಅಂದರೆ ಅದು ಎಂಥ ಮಾತು ಎಂದು ಅರ್ಥವಾಗದಷ್ಟು ಹೊಸಬಳಲ್ಲ ಶಹೀಮಾ. ಆಯ್ತು ಎಂದಳು. ಫೋನು ಆರಿದ ಮೇಲೂ ಸ್ವಲ್ಪ ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಳು. ಇಳಿಸಿದರೆ ಮನೆಯ ಕಡೆ ತಿರುಗಬೇಕಾಗುತ್ತದಲ್ಲ.

ಒಳಗೆ ಬಂದಾಗ ರೊಟ್ಟಿ ಸೀದಿತ್ತು. ಇನಾಶಾ ಒಲೆ ಆರಿಸಿ, ಬಟ್ಟಲಿಗೆ ತಟ್ಟೆ ಮುಚ್ಚಿ, ಅದರ ಪಕ್ಕ ಕಾವಲು ಕೂತಿದ್ದಳು.

"ಕಾಗೆ ಬಂದಿತ್ತು ಮಮ್ಮಾ. ಈರುಳ್ಳಿ ಪಕ್ಕಕ್ಕೆ ತಳ್ಳಿ ಬರೀ ಮೀನೇ ಆರಿಸ್ಕೊಂಡು ಹೋಯ್ತು. ಅಜ್ಜಿ ಥರ."

ಶಹೀಮಾ ನಕ್ಕಳು. ನಗು ಬಂತಲ್ಲ ಎಂದು ಅವಳಿಗೇ ಆಶ್ಚರ್ಯ. ಮತ್ತೆ ತುರಿಮಣೆಯ ಮೇಲೆ ಕೂತಳು. ಡಾಕ್ಟರು ಏನಂದರು ಎಂದು ಮಗಳು ಕೇಳಲಿಲ್ಲ. ಕೇಳಲಿಲ್ಲವೆಂದರೆ ಗೊತ್ತಾಗಿದೆ ಎಂದೇ ಅರ್ಥ.

ಆದರೆ ಶಹೀಮಾ ಹೆದರುತ್ತಿದ್ದದ್ದು ಈ ಪ್ರಶ್ನೆಗಲ್ಲ, ಇನ್ನೊಂದಕ್ಕೆ. ಹೋದ ವರ್ಷ ದ್ವೀಪದ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಇನಾಶಾ ಗೋಡೆಗೆ ಅಂಟಿಸಿದ್ದ ದೊಡ್ಡ ಚಿತ್ರದ ಕೆಳಗಿನ ಬರಹ ಓದುತ್ತಿದ್ದಳು. ತಂದೆ ತಾಯಿ ಇಬ್ಬರಲ್ಲೂ ರಕ್ತದ ದೋಷವಿದ್ದರೆ ಹೊಟ್ಟೆಯಲ್ಲಿರುವ ಮಗುವನ್ನು ಪರೀಕ್ಷೆ ಮಾಡಿಸಿ, ಕಾಲ ಮಿಂಚುವ ಮೊದಲು ತೀರ್ಮಾನ ತೆಗೆದುಕೊಳ್ಳಿ ಎಂದು ಬರೆದಿತ್ತು. ತುಟಿ ಅಲುಗಾಡಿಸುತ್ತಾ ಕೊನೆಯವರೆಗೂ ಓದಿ, ತಾಯಿಯ ಕಡೆ ತಿರುಗಿ ನೋಡಿದ್ದಳು. ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ಅವರ ಹೆಸರು ಕೂಗಿದರು. ಆ ತೆರೆದ ಬಾಯಿ ಶಹೀಮಾಳ ಕಣ್ಣಿನಿಂದ ಹೋಗಲೇ ಇಲ್ಲ. ಔಷಧಿ ಹತ್ತಿದರೆ, ಮಗಳ ಕೆನ್ನೆಗೆ ಬಣ್ಣ ಬಂದರೆ, ಆ ಪ್ರಶ್ನೆ ಬಾಯಿಂದ ಹೊರಗೆ ಬರದೆಯೇ ಕರಗಿಹೋಗುತ್ತದೆ ಎಂದು ಅವಳು ನಂಬಿದ್ದಳು. ಈಗ ಔಷಧಿ ಹತ್ತಲಿಲ್ಲ.

ಮದುವೆಗೆ ಮುಂಚೆ ರಕ್ತಪರೀಕ್ಷೆ ಆಗದೆ ಇಲ್ಲಿ ನಿಕಾಹ್ ಇಲ್ಲ. ಶಹೀಮಾ, ಫಝೀಲ್ ಇಬ್ಬರ ರಕ್ತದಲ್ಲೂ ಒಂದೊಂದು ಜೀನು ಕೆಟ್ಟದ್ದಿತ್ತು. ಒಂದೇ ಕೆಟ್ಟಿದ್ದರೆ ಏನೂ ಬಾಧೆಯಿಲ್ಲ. ಇಬ್ಬರದೂ ಒಂದೇ ಮಗುವಿಗೆ ಬಂದರೆ ಕಷ್ಟ, ಅದರ ಮೈ ತನಗೆ ಬೇಕಾದ ರಕ್ತ ಮಾಡಿಕೊಳ್ಳಲಾರದು. ಅಧಿಕಾರಿ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿ, "ಆದರೂ ಆಗ್ತೀರಾ?" ಎಂದು ಕೇಳಿದ್ದ. ಫಝೀಲ್ ಆಗ ಮೀಸೆ ಚಿಗುರುತ್ತಿದ್ದ ಹುಡುಗ, ಟ್ಯೂನಾ ಹಿಡಿಯುವ ದೋಣಿಯಲ್ಲಿ ಗಾಳ ಹಾಕುವವನು. "ನೋಡಿ ಸಾರ್, ನಮ್ಮಿಬ್ಬರ ದೋಷ ಕೂಡ ಹೊಂದಿಕೊಂಡಿದೆ" ಎಂದಿದ್ದ. ಅಧಿಕಾರಿಗೂ ನಗು ತಡೆಯಲಾಗಿರಲಿಲ್ಲ.

ಲೈಶಾ ಹುಟ್ಟಿದಳು. ಪರೀಕ್ಷೆ ಮಾಡಿದರೆ ಎರಡೂ ಕೆಟ್ಟ ಜೀನು ಅವಳಿಗೇ. ಶಹೀಮಾ ಪ್ರತಿದಿನ ಮಗುವಿನ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡುತ್ತಾ ಅದು ಬಿಳಿಚುವುದನ್ನೇ ಕಾದಳು. ಬಿಳಿಚಲಿಲ್ಲ. ಮಗು ಅಂಬೆಗಾಲಿಟ್ಟಿತು, ಓಡಿತು, ಬೆಕ್ಕಿನ ಹಾಗೆ ಮೀನು ತಿಂದಿತು, ಪಕ್ಕದ ಮನೆಯ ಹುಡುಗರನ್ನು ಕಚ್ಚಿತು. ಒಂದು ಹನಿ ರಕ್ತವನ್ನೂ ಯಾರಿಂದಲೂ ಪಡೆಯಲಿಲ್ಲ.

"ಮಾಲೆಯಲ್ಲಿ ಶೀಶೆ ಅದಲುಬದಲಾಗಿದೆ" ಎಂದರು ಅತ್ತೆ. "ಯಾರ ಮಗುವಿನದ್ದೋ ನಮ್ಮ ತಲೆಗೆ ಕಟ್ಟಿದ್ದಾರೆ." ಇಡೀ ದ್ವೀಪ ಅದನ್ನೇ ನಂಬಿತು. ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗಲೂ ಅದೇ ಉತ್ತರ ಬಂತು. ಆಗ ಅತ್ತೆ, "ಹಾಗಾದರೆ ಆ ಕಾಯಿಲೆ ನಮ್ಮ ಮನೆತನದ ಮೈಗೆ ಹತ್ತಲ್ಲ ಅಂತಾಯ್ತು" ಎಂದರು. ಅದನ್ನೂ ನಂಬಿದರು.

ಎರಡನೆಯದು ಹೊಟ್ಟೆಯಲ್ಲಿದ್ದಾಗ ಮಾಲೆಗೆ ಹೋಗಿ ಗರ್ಭದ ನೀರು ತೆಗೆಸಿ ಪರೀಕ್ಷೆ ಮಾಡಿಸಿದ್ದರು. ಬೇಡವೆಂದರೆ ತೆಗೆಸಲು ಧರ್ಮದ ಹಿರಿಯರೇ ಒಪ್ಪಿಕೊಟ್ಟಿದ್ದ ಅವಧಿ ಇನ್ನೂ ಉಳಿದಿತ್ತು. ಅಂದಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ದೊಡ್ಡ ಮಗಳದು ಹೇಗೋ ಇದೂ ಹಾಗೆಯೇ. ಅವೇ ಎರಡು ದೋಷ" ಎಂದರು.

ಫಝೀಲನ ಮುಖ ಅರಳಿತು. "ಲೈಶಾ ಹಂಗೇನಾ? ಮತ್ತೆ ಇಷ್ಟು ಹೊತ್ತು ಯಾಕೆ ಹೆದರ್ಸಿದ್ರಿ ಡಾಕ್ಟ್ರೇ!"

ಡಾಕ್ಟರು ಏನೋ ಹೇಳಹೊರಟರು. ಅಕ್ಕನಿಗೆ ಯಾಕೆ ಏನೂ ಆಗಿಲ್ಲ ಎನ್ನುವುದು ತಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ನಂಬಿಕೊಂಡು ಕೂರಬೇಡಿ ಎಂದರು. ಆ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ವಾಪಸು ಬರುವ ದೋಣಿಯಲ್ಲಿ ಫಝೀಲ್ ಗುರುತಿದ್ದವರಿಗೆ, ಗುರುತಿಲ್ಲದವರಿಗೆ ಎಲ್ಲರಿಗೂ ಸಿಹಿ ಹಂಚಿದ. "ದೊಡ್ಡವಳ ಹಾಗೆಯೇ ಅಂತೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

ಇನಾಶಾ ಕೂರುವುದು ಕಲಿಯುವ ಮೊದಲೇ ಬಿಳಿಚಿದಳು.

ಅಲ್ಲಿಂದ ಇಲ್ಲಿಯವರೆಗೆ ಅವಳು ಬದುಕಿರುವುದು ಬೇರೆಯವರ ರಕ್ತದಲ್ಲಿ. ಮೂರು ನಾಲ್ಕು ವಾರಕ್ಕೊಮ್ಮೆ ಬೇಕು. ರಕ್ತ ಕೊಡುವವರನ್ನು ಮನೆಯವರೇ ಹೊಂದಿಸಬೇಕು. ಫಝೀಲನ ದೋಣಿಯವರೇ ಸರದಿಯ ಮೇಲೆ ಕೊಡುತ್ತಿದ್ದರು. ದೋಣಿಯ ಯಜಮಾನ ಮನಿಕು ಬಾಯಿ ಬಿಟ್ಟರೆ ಬೈಗುಳ ಬಿಟ್ಟು ಬೇರೇನೂ ಬಾರದ ಮನುಷ್ಯ. ಅವನ ರಕ್ತ ಏರಿಸಿದ ದಿನ ಇನಾಶಾ, "ಮಮ್ಮಾ, ಎರಡು ದಿನ ನಾನು ಏನಂದ್ರೂ ಬೇಜಾರು ಮಾಡ್ಕೋಬೇಡ, ಮಾತಾಡೋದು ನಾನಲ್ಲ" ಅನ್ನುವಳು. ರಕ್ತದ ಜೊತೆ ಬಂದ ಕಬ್ಬಿಣ ಮಾತ್ರ ಎಲ್ಲೂ ಹೋಗದೆ ಒಳಗೇ ಉಳಿಯುತ್ತಿತ್ತು. ಅದನ್ನು ಇಳಿಸುವ ಮಾತ್ರೆಯನ್ನು ನೀರಲ್ಲಿ ಕರಗಿಸಿ ಕುಡಿಸಿದ್ದೇ ಕುಡಿಸಿದ್ದು. ಅದು ಇಳಿದಷ್ಟು ಇಳಿಯಿತು. ಉಳಿದದ್ದು ಯಕೃತ್ತಿನಲ್ಲಿ ಕೂತಿತು, ಆಮೇಲೆ ಹೃದಯದಲ್ಲಿ. ಕಸಿ ಮಾಡಿಸೋಣವೆಂದರೆ ಅಕ್ಕನ ಅಸ್ಥಿಮಜ್ಜೆ ಹೊಂದಲಿಲ್ಲ. ಬೇರೆ ಯಾರದ್ದೂ ಹೊಂದಲಿಲ್ಲ.

ನಝ್ಲಾ ಡಾಕ್ಟರು ಬಂದ ಮೇಲೆಯೇ ನಾಲ್ವರನ್ನೂ ಕೂರಿಸಿ, ಎಲ್ಲರ ರಕ್ತವನ್ನೂ ಹೊರದೇಶಕ್ಕೆ ಕಳಿಸಿ, ಅಕ್ಕ ಯಾಕೆ ಹೀಗೆ ತಂಗಿ ಯಾಕೆ ಹಾಗೆ ಎಂದು ತಿಳಿದುಕೊಂಡದ್ದು. ಅವತ್ತು ಅವರು ಡ್ರಿಪ್ ಹಾಕುವ ಉದ್ದನೆಯ ನಳಿಕೆಯೊಂದನ್ನು ಮೇಜಿನ ಮೇಲೆ ಬಿಡಿಸಿದರು.

"ಇದು ಡಿಎನ್ಎ ಎಳೆ ಅಂದ್ಕೊಳ್ಳಿ. ಇಲ್ಲಿ ಶಿಶುವಿನ ರಕ್ತ ಮಾಡೋ ಜೀನು, ಹೊಟ್ಟೇಲಿದ್ದಾಗ ಕೆಲಸ ಮಾಡೋದು. ಅದರ ಪಕ್ಕ ದೊಡ್ಡವರ ರಕ್ತ ಮಾಡೋ ಜೀನು. ದೂರದಲ್ಲಿ, ಈ ತುದೀಲಿ, ಒಂದು ಸ್ವಿಚ್ಚು. ಸ್ವಿಚ್ಚು ಯಾವುದಕ್ಕೆ ತಾಗುತ್ತೋ ಅದು ಮಾತ್ರ ಉರಿಯುತ್ತೆ."

"ಅಷ್ಟು ದೂರದಿಂದ ಹೇಗೆ ತಾಗುತ್ತೆ?" ಎಂದು ಫಝೀಲ್ ಕೇಳಿದ್ದ.

"ಎಳೆ ನೆಟ್ಟಗೆ ಇರಲ್ಲ. ಬಗ್ಗುತ್ತೆ." ಡಾಕ್ಟರು ನಳಿಕೆಯನ್ನು ಬಗ್ಗಿಸಿ ಕುಣಿಕೆ ಮಾಡಿ, ತುದಿಯನ್ನು ತಂದು ಶಿಶುವಿನ ಜೀನಿಗೆ ಮುಟ್ಟಿಸಿದರು. "ಹೊಟ್ಟೇಲಿದ್ದಾಗ ಹೀಗೆ. ಹುಟ್ಟಿದ ಮೇಲೆ ಒಂದು ಪ್ರೋಟೀನು ಬಂದು ಇಲ್ಲಿ ಕೂರುತ್ತೆ. ಅದು ಕೂತ ತಕ್ಷಣ ಎಳೆ ಬೇರೆ ಥರ ಬಗ್ಗುತ್ತೆ, ಕುಣಿಕೆ ಈ ಕಡೆ ಹೊರಳುತ್ತೆ. ಶಿಶುವಿನ ಜೀನು ಆರಿತು, ದೊಡ್ಡವರದು ಹತ್ತಿತು. ಎಲ್ಲ ಮಕ್ಕಳಿಗೂ ಆಗೋದೇ ಇದು. ನಿಮ್ಮ ಮಕ್ಕಳಿಗೆ ದೊಡ್ಡವರ ಜೀನು ಹಾಳಾಗಿದೆ. ಹತ್ತಿಸಿದ್ರೂ ಬೆಳಕಿಲ್ಲ. ಲೈಶಾಗೆ ಆ ಮುಚ್ಚೋ ಪ್ರೋಟೀನು ತೀರ ಕಡಿಮೆ. ಶಿಶುವಿನ ಜೀನನ್ನ ಅದು ಪೂರ್ತಿ ಮುಚ್ಚಲೇ ಇಲ್ಲ. ಅವಳು ಇವತ್ತಿಗೂ ಆ ರಕ್ತದಲ್ಲೇ ಓಡಾಡ್ತಿದ್ದಾಳೆ."

"ಇನಾಶಾಗೆ ಆ ಪ್ರೋಟೀನು ಕೆಟ್ಟಿದೆಯಾ?" ಎಂದಳು ಶಹೀಮಾ.

"ಇಲ್ಲಮ್ಮ. ಅದಕ್ಕೇನೂ ಆಗಿಲ್ಲ. ಅಚ್ಚುಕಟ್ಟಾಗಿ ಕೆಲಸ ಮಾಡ್ತಿದೆ."

ಆ ಅಚ್ಚುಕಟ್ಟು ಎನ್ನುವ ಮಾತು ಶಹೀಮಾಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅಂಗಳ ಗುಡಿಸುವಾಗ, ಮೀನು ಹಬೆಗಿಡುವಾಗ, ಇದ್ದಕ್ಕಿದ್ದಂತೆ ಅದು ಚುಚ್ಚುತ್ತಿತ್ತು. ಮಗಳ ಮೈಯೊಳಗೆ ಕೆಟ್ಟದ್ದನ್ನು ಬೈಯಬಹುದಿತ್ತು. ನೆಟ್ಟಗಿರುವುದನ್ನು ಏನೆಂದು ಬೈಯುವುದು?

ಆ ಪ್ರೋಟೀನಿನ ಹಿಡಿತ ಸಡಿಲಿಸಬಹುದಾದ ಒಂದು ಔಷಧಿ ಇದೆ, ಕೆಲವರಿಗೆ ಹತ್ತುತ್ತದೆ, ಕೆಲವರಿಗೆ ಇಲ್ಲ ಎಂದರು ಡಾಕ್ಟರು. ಅಷ್ಟೇ ಸಾಕಾಯಿತು. ಫಝೀಲ್ ದಡದಲ್ಲಿ ದೋಣಿಯವರಿಗೆ ಹಗ್ಗ ಬಗ್ಗಿಸಿ ತೋರಿಸಿದ: "ಒಳಗೊಂದು ಹಟಮಾರಿ ಕೂತಿದೆ ಕಣ್ರೋ. ಎಳೆ ಬಗ್ಗಿಸಿ ಹಿಡ್ಕೊಂಡಿದೆ, ಬಿಡಲ್ಲ ಅಂತಿದೆ."

"ನಿನ್ನ ಹೆಂಡ್ತಿ ಕಡೆಯಿಂದ ಬಂದಿರ್ಬೇಕು" ಎಂದ ಮನಿಕು.

"ಇಲ್ಲಣ್ಣ, ಕೊಡಬೇಕಾದ ಸಂಬಳ ಹೀಗೆ ಹಿಡ್ಕೊಳ್ಳೋದು ನೀನು. ನಿನ್ನ ರಕ್ತದಿಂದಲೇ ಬಂದಿರ್ಬೇಕು."

ಮನಿಕು ಬೈದ ಬೈಗುಳಕ್ಕೆ ದಡವೆಲ್ಲ ನಕ್ಕಿತು. ಆದರೆ ಮಾರನೆಯ ದಿನದಿಂದ ಎದುರು ಸಿಕ್ಕಾಗಲೆಲ್ಲ ಅವನೇ ಮೊದಲು ಕೇಳುತ್ತಿದ್ದ: "ಸಡಿಲ ಆಯ್ತೇನೋ?"

ಮಧ್ಯಾಹ್ನ ಫಝೀಲ್ ಮೀನು ತಂದ. ಬಾವಿಕಟ್ಟೆಯ ಪಕ್ಕ ಕೂತು ಕುಯ್ಯತೊಡಗಿದ. ನೀರು ಸುರಿಯುವ ನೆಪದಲ್ಲಿ ಶಹೀಮಾ ಹತ್ತಿರ ಹೋಗಿ ಹೇಳಿದಳು. ಅವನು ಚಾಕು ನಿಲ್ಲಿಸಲಿಲ್ಲ. ಮೀನಿನ ಬೆನ್ನು ಸೀಳಿ, ಎರಡು ಹೋಳು ಮಾಡಿ, ಅದನ್ನು ಮತ್ತೆ ಎರಡು ಮಾಡಿ, ಬೇಕಾದ್ದಕ್ಕಿಂತ ಸಣ್ಣ ಸಣ್ಣಗೆ ಹೆಚ್ಚುತ್ತಾ ಹೋದ.

"ಅವಳಿಗೆ ಹೇಳ್ಬೇಡ."

"ಗೊತ್ತು ಅವಳಿಗೆ."

"ನೀನು ಹೇಳ್ದೆಯಾ?"

"ಹೇಳ್ಲಿಲ್ಲ. ಗೊತ್ತು."

"ಆ ಪ್ರೋಟೀನಿನ ಬುಡವನ್ನೇ ಕತ್ತರಿಸಿ ಹಾಕೋ ಚಿಕಿತ್ಸೆ ಇದೆ ಅಂದಿದ್ರಲ್ಲ, ಹೊರಗೆ ಎಲ್ಲೋ..."

"ಅದಕ್ಕೆ ಗಟ್ಟಿ ಹೃದಯ ಬೇಕು ಅಂತಾನೂ ಅಂದಿದ್ರು ಫಝೀಲ್." ಸ್ಕ್ಯಾನಿನ ವಿಷಯ ಅವಳು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವನು ಕೈಯಲ್ಲಿದ್ದ ಚೂರನ್ನು ನೋಡಿ, "ಇದನ್ನ ಇನ್ನು ಏನು ಮಾಡಕ್ಕಾಗುತ್ತೆ" ಎಂದ. ಮೀನಿನ ಮಾತೋ ಮಗಳ ಮಾತೋ, ಅವಳು ಕೇಳಲಿಲ್ಲ.

ಊಟಕ್ಕೆ ಕೂತಾಗ ಲೈಶಾ ಶಾಲೆಯಿಂದ ಬಂದಳು. ಹದಿನೈದು ವರ್ಷದ ಉದ್ದನೆಯ ಹುಡುಗಿ. ಅವಳು ಬಂದರೆ ಮನೆ ಇಕ್ಕಟ್ಟಾಗುತ್ತದೆ. ಚೀಲ ಎಸೆದು, ತಂಗಿಯ ತಟ್ಟೆಯಿಂದ ಒಂದು ಚೂರು ಮೀನು ಬಾಯಿಗೆ ಹಾಕಿಕೊಂಡಳು.

"ಕಳ್ಳಿ!" ಎಂದಳು ಇನಾಶಾ. "ಬಪ್ಪಾ, ದತ್ತಾ ನೋಡು!" ಇಲ್ಲಿ ಅಪ್ಪನನ್ನು ಬಪ್ಪಾ, ಅಕ್ಕನನ್ನು ದತ್ತಾ ಎಂದೇ ಕರೆಯುವುದು.

"ಇವತ್ತು ಶಾಲೆಗೆ ನರ್ಸುಗಳು ಬಂದಿದ್ರು, ಎಲ್ರ ರಕ್ತ ತಗೊಂಡ್ರು" ಎಂದಳು ಲೈಶಾ ಮೀನು ಅಗಿಯುತ್ತಾ. "ನಂಗೆ ಮಾತ್ರ ಚುಚ್ಚಲೇ ಇಲ್ಲ. ನಿಂದು ನಮಗೆ ಗೊತ್ತಿದೆ, ನೀನು ಪಾಠದಲ್ಲಿ ಬರೋವಂಥವಳು ಅಂದ್ರು. ಎಲ್ಲರೂ ನನ್ನೇ ನೋಡ್ತಿದ್ರು. ಆಮೇಲೆ ಒಬ್ಬಳು ಹೇಳಿದ್ಲು ಮಮ್ಮಾ, ಈಗೆಲ್ಲ ಹೊಟ್ಟೇಲಿರುವಾಗಲೇ ಗೊತ್ತಾಗುತ್ತೆ, ಬೇಡ ಅಂದ್ರೆ..."

ಅಲ್ಲಿಗೆ ನಿಂತಳು. ಏನು ಹೇಳುತ್ತಿದ್ದೇನೆ, ಯಾರ ಪಕ್ಕ ಕೂತು ಹೇಳುತ್ತಿದ್ದೇನೆ ಎನ್ನುವುದು ಅವಳಿಗೆ ಆಗ ಹೊಳೆಯಿತು. ಕೆನ್ನೆ ಕೆಂಪಾಯಿತು. ಆ ಕೆಂಪು ಕೂಡ ತಂಗಿಯ ಮುಂದೆ ತಪ್ಪು ಅನ್ನಿಸಿತೋ ಏನೋ, ಮುಖ ತಗ್ಗಿಸಿದಳು. ಫಝೀಲ್ ನಿಂಬೆ ಕೊಡಿ ಎಂದ. ನಿಂಬೆ ಅವನ ತಟ್ಟೆಯ ಪಕ್ಕದಲ್ಲೇ ಇತ್ತು. ಇನಾಶಾ ಅದನ್ನು ತೆಗೆದು ಅವನ ಕೈಗಿಟ್ಟು, "ದತ್ತಾ, ತಲೆಯ ಭಾಗ ನೀನೇ ತಗೋ, ನಂಗೆ ಸಾಕು" ಎಂದಳು. ಲೈಶಾ ತಗೊಂಡಳು. ತಿನ್ನಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ತೊಳೆಯಲು ಎದ್ದು ಹೋದವಳು ಬಾವಿಯ ಹತ್ತಿರವೇ ಬಹಳ ಹೊತ್ತು ನಿಂತಳು.

ಪಾತ್ರೆ ತೊಳೆದಾದ ಮೇಲೆ ಶಹೀಮಾ ಎಣ್ಣೆಯ ಬಟ್ಟಲು, ಬಾಚಣಿಗೆ ಹಿಡಿದು ಹೊರಗೆ ಬಂದಳು. ಮರದ ಕೆಳಗೆ ಕಬ್ಬಿಣದ ಚೌಕಟ್ಟಿಗೆ ಬಲೆ ನೇಯ್ದ ಕುರ್ಚಿಗಳಿದ್ದವು. ಇನಾಶಾ ಒಂದರಲ್ಲಿ ಮುದುಡಿ ಕೂತಿದ್ದಳು. ಶಹೀಮಾ ಹಿಂದೆ ನಿಂತು ಕೂದಲು ಬಿಡಿಸತೊಡಗಿದಳು. ಕೂದಲೂ ಈಚೆಗೆ ತೆಳುವಾಗಿತ್ತು. ಸಿಕ್ಕು ಎಳೆಯದೆ, ಬುಡ ಹಿಡಿದುಕೊಂಡು, ತುದಿಯಿಂದ ಮೇಲಕ್ಕೆ ಬಾಚಿದಳು. ಮಗಳ ಕತ್ತಿನ ಹಿಂಭಾಗದ ಬಣ್ಣ ಕಬ್ಬಿಣದಿಂದ ಕಂದಿತ್ತು. ಕತ್ತಿನ ಪಕ್ಕದಲ್ಲಿ ನರವೊಂದು ಬಡಿದುಕೊಳ್ಳುವುದು ಕಾಣುತ್ತಿತ್ತು. ಅದು ತಾಳ ತಪ್ಪುತ್ತಿದೆಯೇ ಎಂದು ನೋಡಬಾರದೆಂದುಕೊಂಡೂ ನೋಡಿದಳು.

"ಆ ಹೊಸ ಔಷಧಿ ನಾಳೆಯಿಂದ ಇಲ್ಲ ಅಲ್ವಾ?" ಎಂದಳು ಇನಾಶಾ.

"ಇಲ್ಲ ಕಂದಾ."

"ಒಳ್ಳೇದಾಯ್ತು. ವಾಸನೆ ಹೊಡೀತಿತ್ತು." ಕುರ್ಚಿಯ ಬಲೆ ಕೆದಕುತ್ತಾ, "ಮನಿಕು ಮಾಮನಿಗೆ ಬಪ್ಪಾ ಏನಂತ ಹೇಳ್ತಾನೆ? ದಿನಾ ಕೇಳ್ತಾರಲ್ಲ ಅವ್ರು."

"ಏನೋ ಹೇಳ್ತಾನೆ ಬಿಡು."

ಗಾಳಿಗೆ ಒಂದು ಎಲೆ ಬಿತ್ತು. ಸಮುದ್ರದ ಕಡೆಯಿಂದ ಯಾರೋ ಎಂಜಿನ್ನು ಚಾಲೂ ಮಾಡಿ ಮತ್ತೆ ಆರಿಸಿದರು.

"ನಾನು ಹೊಟ್ಟೇಲಿದ್ದಾಗ ನಿಮಗೆ ಗೊತ್ತಿತ್ತು." ಇನಾಶಾ ಇದನ್ನು ಕೇಳಿದ್ದಲ್ಲ, ಹೇಳಿದ್ದು.

ಶಹೀಮಾ ಈ ಗಳಿಗೆಗಾಗಿ ಒಂದು ವರ್ಷದಿಂದ ಮಾತು ಕೂಡಿಟ್ಟುಕೊಂಡಿದ್ದಳು. ನೆಲ ಒರೆಸುತ್ತಾ, ಬಟ್ಟೆ ಹಿಂಡುತ್ತಾ ಅದನ್ನು ಸವೆಸಿ ಸವೆಸಿ ನಯ ಮಾಡಿದ್ದಳು. "ಗೊತ್ತಿತ್ತು" ಎಂದಳು. "ಗೊತ್ತಿದ್ದೂ ನೀನು ಬೇಕು ಅಂದ್ವಿ. ಬಪ್ಪಾ ದೋಣಿಯವ್ರಿಗೆಲ್ಲ ಸಿಹಿ ಹಂಚಿದ. ಅಷ್ಟು ಬೇಕಾಗಿದ್ದೆ ನೀನು."

ಇನಾಶಾ ಕೇಳಿಸಿಕೊಂಡಳು. ತಲೆ ಅಲುಗಾಡಿಸಲಿಲ್ಲ, ಬಾಚಣಿಗೆ ಕೂದಲಲ್ಲಿತ್ತು.

"ಸಿಹಿ ಹಂಚಿದ್ದು ದತ್ತಾ ಹಂಗೇ ಇರ್ತೀನಿ ಅಂತ ಅಲ್ವಾ? ಅಜ್ಜಿ ಹೇಳಿದ್ರು."

ಶಹೀಮಾಳ ಕೈ ನಿಂತಿತು. ಅವಳು ಕಟ್ಟಿಟ್ಟುಕೊಂಡ ಮಾತು ಅಲ್ಲಿಗೆ ಮುಗಿದಿತ್ತು. ಮಗಳು ಕುರ್ಚಿಯಲ್ಲೇ ಮೆಲ್ಲಗೆ ಹಿಂದಕ್ಕೆ ಹೊರಳಿ, ಹಳದಿ ಕಣ್ಣುಗಳಿಂದ ತಾಯಿಯ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತಾಯಿಗೆ ನೋವಾದೀತೆಂದು ಇಷ್ಟು ದಿನ ತಡೆದುಕೊಂಡಿದ್ದವಳು, ಇನ್ನು ತಡೆದು ಪ್ರಯೋಜನವಿಲ್ಲ ಎಂದುಕೊಂಡವಳ ಹಾಗೆ ಕೇಳಿದಳು:

"ನಾನು ದತ್ತಾ ಹಂಗೆ ಆಗಲ್ಲ, ಹಿಂಗೇ ಆಗ್ತೀನಿ ಅಂತ ಅವತ್ತೇ ಗೊತ್ತಿದ್ದಿದ್ರೆ, ಮಮ್ಮಾ, ಆಗ್ಲೂ ನನ್ನ ಬೇಕು ಅಂತಿದ್ದೆಯಾ?"